ಒಂದು ಸೈಜ್ ದೊಡ್ಡ ಗ್ಲೌಸ್ ಬೇಡ: ಮಕ್ಕಳಿಗೆ ಬೇಸ್‌ಬಾಲ್ ಗ್ಲೌಸ್ ಆರಿಸುವಾಗ

ಪ್ರಶ್ನೆ: ನಾವು ವಿಜಯನಗರದಲ್ಲಿದ್ದೇವೆ. ಮಗನಿಗೆ 13 ವರ್ಷ, ಭಾನುವಾರ ಬೇಸ್‌ಬಾಲ್ ಕೋಚಿಂಗ್‌ಗೆ ಹೋಗುತ್ತಾನೆ. ಮಗಳಿಗೆ 10, ಶಾಲೆಯಲ್ಲಿ ಸಾಫ್ಟ್‌ಬಾಲ್ ಶುರು ಮಾಡಿದ್ದಾಳೆ. ಇಷ್ಟು ದಿನ ಕೋಚ್ ಕೊಡುವ ಗ್ಲೌಸ್‌ನಲ್ಲೇ ಆಡುತ್ತಿದ್ದರು, ಈಗ ಸ್ವಂತದ್ದು ಬೇಕಂತೆ. ಆನ್‌ಲೈನ್‌ನಲ್ಲಿ ನೋಡಿದರೆ ರೈಟ್ ಹ್ಯಾಂಡ್ ಥ್ರೋ, 11.5, 12.5, ಐ ವೆಬ್, ಎಚ್ ವೆಬ್, ಸ್ಟೀರ್‌ಹೈಡ್ ಅಂತೆಲ್ಲ ಇದೆ. ತಲೆಬುಡ ತಿಳಿಯುತ್ತಿಲ್ಲ. ನಮ್ಮ ಯಜಮಾನರು "ಬೆಳೆಯೋ ಮಕ್ಕಳು, ಒಂದು ಸೈಜ್ ದೊಡ್ಡದೇ ತಗೊಳ್ಳೋಣ, ಇಬ್ಬರೂ ಹಂಚಿಕೊಂಡು ಆಡಲಿ" ಅಂತಾರೆ. ಡಲ್ಲಾಸ್‌ನಲ್ಲಿರುವ ನನ್ನ ತಮ್ಮ ದಸರಾಕ್ಕೆ ಊರಿಗೆ ಬರುತ್ತಿದ್ದಾನೆ, ಅವನ ಕೈಲಿ ತರಿಸಬಹುದು. ಮಗಳು ಬರೆಯುವುದು ಎಡಗೈಯಲ್ಲಿ, ಅದನ್ನೂ ಹೇಳಿಬಿಡುತ್ತೇನೆ. ಏನು ತರಿಸಲಿ?

ಉತ್ತರ: ಇಬ್ಬರಿಗೂ ಸೇರಿ ಒಂದು ದೊಡ್ಡ ಗ್ಲೌಸ್ ಮಾತ್ರ ತರಿಸಬೇಡಿ. ಮಗನಿಗೆ 11.75 ಇಂಚಿನ ಆಸುಪಾಸಿನ ಬೇಸ್‌ಬಾಲ್ ಗ್ಲೌಸ್ ಸರಿಹೋಗುತ್ತದೆ. ಮಗಳಿಗೆ 11ರಿಂದ 11.5 ಇಂಚಿನ, ಸಾಫ್ಟ್‌ಬಾಲ್‌ಗೆಂದೇ ಮಾಡಿದ ಗ್ಲೌಸ್ ಬೇಕು. ಅವಳದು ಎಡಗೈಗೋ ಬಲಗೈಗೋ ಎನ್ನುವುದನ್ನು ಮೈದಾನಕ್ಕೆ ಹೋಗಿ ನೋಡಿದ ಮೇಲೆ ತೀರ್ಮಾನಿಸಿ. ಇಬ್ಬರಿಗೂ ಒಟ್ಟಿಗೆ ತರಿಸುವಷ್ಟು ದುಡ್ಡು ಈಗ ಇಲ್ಲದಿದ್ದರೆ, ಯಾರು ವಾರದಲ್ಲಿ ಜಾಸ್ತಿ ಆಡುತ್ತಾರೋ ಅವರಿಗೆ ಮೊದಲು ಕೊಡಿಸಿ. ಇನ್ನೊಬ್ಬರು ಸದ್ಯಕ್ಕೆ ಕೋಚ್ ಕೊಡುವ ಗ್ಲೌಸ್‌ನಲ್ಲೇ ಆಡಲಿ. ಸರಿಯಿಲ್ಲದ ಸ್ವಂತ ಗ್ಲೌಸ್‌ಗಿಂತ, ಕೈಗೆ ಕೂರುವ ಎರವಲು ಗ್ಲೌಸ್ ಎಷ್ಟೋ ವಾಸಿ.

ನಿಮ್ಮ ಯಜಮಾನರ ಮಾತಿನಿಂದಲೇ ಶುರು ಮಾಡುತ್ತೇನೆ. ಈ ಊರಿನಲ್ಲಿ ಮಕ್ಕಳ ಗ್ಲೌಸ್ ವಿಷಯ ಬಂದಾಗ ಹತ್ತರಲ್ಲಿ ಒಂಬತ್ತು ಮನೆಯವರು ಹೇಳುವುದು ಇದನ್ನೇ. ಯೂನಿಫಾರ್ಮ್ ಒಂದು ಸೈಜ್ ದೊಡ್ಡದು ತಂದರೆ ಒಳಗೆ ಮಡಚಿ ಹೊಲಿಗೆ ಹಾಕಿಸಿ, ಮುಂದಿನ ವರ್ಷ ಬಿಚ್ಚಿಸಬಹುದು. ಗ್ಲೌಸ್‌ನಲ್ಲಿ ಆ ಸೌಕರ್ಯ ಇಲ್ಲ. ಬೇಸ್‌ಬಾಲ್ ಗ್ಲೌಸ್ ಕೆಲಸ ಮಾಡುವುದು ಮುಚ್ಚಿಕೊಳ್ಳುವುದರಿಂದ. ಚೆಂಡು ಒಳಗೆ ಬಿದ್ದ ಕ್ಷಣದಲ್ಲೇ ಹೆಬ್ಬೆರಳಿನ ಕಡೆಯೂ ಉಳಿದ ಬೆರಳುಗಳ ಕಡೆಯೂ ಒಂದನ್ನೊಂದು ಸೇರಬೇಕು. ದೊಡ್ಡ ಗ್ಲೌಸ್‌ನಲ್ಲಿ ಮಗುವಿನ ಬೆರಳು ಬೆರಳುಗೂಡಿನ ಅರ್ಧಕ್ಕೆ ಬಂದು ನಿಲ್ಲುತ್ತದೆ. ಮೇಲಿನ ಅರ್ಧ ಬರೀ ಚರ್ಮ, ಅದನ್ನು ಬಗ್ಗಿಸುವ ಶಕ್ತಿ ಆ ಬೆರಳಿಗೆ ಇರುವುದಿಲ್ಲ. ಚೆಂಡು ಬಡಿದಾಗ ಗ್ಲೌಸ್ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಚೆಂಡು ಹೊರಗೆ ಪುಟಿಯುತ್ತದೆ.

ಇಂಥ ಗ್ಲೌಸ್ ಹಾಕಿಕೊಂಡ ಮಕ್ಕಳನ್ನು ದೂರದಿಂದಲೇ ಗುರುತಿಸಬಹುದು. ಚೆಂಡು ಬರುವಾಗ ಮುಖ ಆಚೆ ತಿರುಗಿಸುತ್ತಾರೆ, ಗ್ಲೌಸನ್ನು ತಟ್ಟೆ ಥರ ಮುಂದೆ ಒಡ್ಡುತ್ತಾರೆ. ಎರಡು ಮೂರು ಸಲ ಚೆಂಡು ಜಾರಿ ಎದೆಗೋ ಗಲ್ಲಕ್ಕೋ ಬಡಿಯಿತೆಂದರೆ ಭಯ ಒಳಗೆ ಕೂತುಬಿಡುತ್ತದೆ. ಆಮೇಲೆ ಮನೆಯವರು "ಇವನಿಗೆ ಆಟದಲ್ಲಿ ಇಂಟ್ರೆಸ್ಟ್ ಹೋಯ್ತು" ಅಂತಾರೆ. ಇಂಟ್ರೆಸ್ಟ್ ಎಲ್ಲೂ ಹೋಗಿರುವುದಿಲ್ಲ, ಕೈಯಲ್ಲಿರುವ ಗ್ಲೌಸ್ ಮುಚ್ಚಿಕೊಳ್ಳುತ್ತಿಲ್ಲ ಅಷ್ಟೇ. ಹಾಗಾಗಿ ನಾನು ಬ್ರ್ಯಾಂಡ್, ಬಣ್ಣ, ಬೆಲೆ ಎಲ್ಲಕ್ಕಿಂತ ಮೊದಲು ಕೇಳುವುದು ಒಂದೇ ಪ್ರಶ್ನೆ: ಮಗು ಒಂದೇ ಕೈಯಲ್ಲಿ ಇದನ್ನು ಮುಚ್ಚಬಲ್ಲದಾ?

ಈಗ ಎಡಗೈ, ಬಲಗೈ ವಿಷಯ. ಆನ್‌ಲೈನ್‌ನಲ್ಲಿ ತರಿಸುವವರು ಜಾಸ್ತಿ ಎಡವುವುದು ಇಲ್ಲೇ. ಗ್ಲೌಸ್ ಹಾಕಿಕೊಳ್ಳುವುದು ಚೆಂಡು ಎಸೆಯದ ಕೈಗೆ. ಬಲಗೈಯಲ್ಲಿ ಎಸೆಯುವವರ ಗ್ಲೌಸ್ ಎಡಗೈಗೆ. 'ರೈಟ್ ಹ್ಯಾಂಡ್ ಥ್ರೋ' ಅಂತ ಬರೆದಿದ್ದರೆ ಬಲಗೈಯಲ್ಲಿ ಎಸೆಯುವವರಿಗೆ, ಅಂದರೆ ಎಡಗೈಗೆ ತೊಡುವ ಗ್ಲೌಸ್. 'ಲೆಫ್ಟ್ ಹ್ಯಾಂಡ್ ಥ್ರೋ' ಇದಕ್ಕೆ ಉಲ್ಟಾ. ಕೆಲವು ಮಾರಾಟಗಾರರು ಯಾವ ಕೈಗೆ ತೊಡುವುದು ಎಂದು ಬರೆಯುತ್ತಾರೆ, ಕೆಲವರು ಯಾವ ಕೈಯಲ್ಲಿ ಎಸೆಯುವುದು ಎಂದು ಬರೆಯುತ್ತಾರೆ. ಬರೀ 'ರೈಟ್ ಹ್ಯಾಂಡ್' ಎಂದಿದ್ದರೆ ನಂಬಬೇಡಿ. ಫೋಟೊದಲ್ಲಿ ಹೆಬ್ಬೆರಳು ಯಾವ ಕಡೆ ಇದೆ ನೋಡಿ, ಇಲ್ಲವೇ ಕೇಳಿ ಖಚಿತ ಮಾಡಿಕೊಳ್ಳಿ.

ಮಗಳು ಎಡಗೈಯಲ್ಲಿ ಬರೆಯುತ್ತಾಳೆ ಎಂದ ಮಾತ್ರಕ್ಕೆ ಎಡಗೈಯಲ್ಲೇ ಎಸೆಯುತ್ತಾಳೆ ಅಂತ ಅಲ್ಲ. ಸಚಿನ್ ತೆಂಡೂಲ್ಕರ್ ಬರೆಯುವುದು ಎಡಗೈಯಲ್ಲಿ, ಬ್ಯಾಟಿಂಗ್ ಮತ್ತು ಬೌಲಿಂಗ್ ಮಾಡಿದ್ದು ಬಲಗೈಯಲ್ಲಿ. ಬ್ಯಾಟ್ ಹಿಡಿಯುವ ರೀತಿಯನ್ನೂ ಲೆಕ್ಕಕ್ಕೆ ತಗೊಳ್ಳಬೇಡಿ, ಸೌರವ್ ಗಂಗೂಲಿ ಎಡಗೈ ಬ್ಯಾಟ್ಸ್‌ಮನ್ ಆದರೂ ಬೌಲಿಂಗ್ ಮಾಡುತ್ತಿದ್ದುದು ಬಲಗೈಯಲ್ಲಿ. ಮನೆ ಹತ್ತಿರದ ಪಾರ್ಕಿಗೆ ಕರೆದುಕೊಂಡು ಹೋಗಿ, ಅವಳಿಗೆ ಏನೂ ಹೇಳದೆ ಒಂದು ಟೆನಿಸ್ ಚೆಂಡು ಕೊಟ್ಟು "ದೂರ ಎಸಿ ನೋಡೋಣ" ಅನ್ನಿ. ಯಾವ ಕೈ ತಾನಾಗಿ ಮೇಲೆ ಬರುತ್ತದೋ ಅದೇ ಎಸೆಯುವ ಕೈ. ಶಾಲೆಯ ಕಿಟ್‌ನಲ್ಲಿ ಎಡಗೈಗೆ ತೊಡುವ ಗ್ಲೌಸ್ ಮಾತ್ರ ಇದ್ದರೆ ಅವಳು ವಿಧಿಯಿಲ್ಲದೆ ಬಲಗೈಯಲ್ಲಿ ಎಸೆಯುತ್ತಿರಬಹುದು. ಅದಕ್ಕೇ ಕೋಚ್ ಹೇಳಿದ್ದನ್ನು ಕೇಳಿಕೊಂಡು ಸುಮ್ಮನಾಗದೆ, ಗ್ಲೌಸ್ ಇಲ್ಲದಾಗ ಹೇಗೆ ಎಸೆಯುತ್ತಾಳೆ ಅಂತ ನೀವೇ ನೋಡಬೇಕು ಎನ್ನುವುದು.

ಅವಳು ನಿಜಕ್ಕೂ ಎಡಗೈಯಲ್ಲೇ ಎಸೆಯುವವಳಾದರೆ, ಒಂದು ಗ್ಲೌಸನ್ನು ಅಣ್ಣ ತಂಗಿ ಹಂಚಿಕೊಳ್ಳುವ ಮಾತೇ ಬರುವುದಿಲ್ಲ. ಅವಳಿಗೆ ಬಲಗೈಗೆ ತೊಡುವ ಗ್ಲೌಸ್ ಬೇಕು. ಬೆಂಗಳೂರಿನ ಅಂಗಡಿಗಳಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ತಮ್ಮನ ಸೂಟ್‌ಕೇಸಿನಲ್ಲಿ ಮೊದಲ ಜಾಗ ಅದಕ್ಕೇ ಇರಲಿ. ಎಡಗೈಯಲ್ಲಿ ಎಸೆಯುವವರನ್ನು ಸಾಮಾನ್ಯವಾಗಿ ಸೆಕೆಂಡ್ ಬೇಸ್, ಶಾರ್ಟ್‌ಸ್ಟಾಪ್ (ಸೆಕೆಂಡ್ ಮತ್ತು ಥರ್ಡ್ ಬೇಸ್‌ಗಳ ನಡುವಿನ ಜಾಗ), ಥರ್ಡ್ ಬೇಸ್‌ನಲ್ಲಿ ನಿಲ್ಲಿಸುವುದಿಲ್ಲ. ಅಲ್ಲಿಂದ ಫಸ್ಟ್ ಬೇಸ್‌ಗೆ ಎಸೆಯಲು ಅವರು ಮೈ ಪೂರ್ತಿ ತಿರುಗಿಸಬೇಕಾಗುತ್ತದೆ, ಅಷ್ಟರಲ್ಲಿ ಓಡುವವರು ಬೇಸ್ ಮುಟ್ಟಿರುತ್ತಾರೆ. ಆದರೆ ಫಸ್ಟ್ ಬೇಸ್‌ನಲ್ಲಿ ಅವರಿಗೇ ಅನುಕೂಲ. ಪಿಚಿಂಗ್‌ಗೂ (ಬ್ಯಾಟರ್‌ಗೆ ಚೆಂಡು ಎಸೆಯುವುದು) ಔಟ್‌ಫೀಲ್ಡ್‌ಗೂ (ಬೇಸ್‌ಗಳಿಂದಾಚೆಯ ದೂರದ ಮೈದಾನ) ಯಾವ ಅಡ್ಡಿಯೂ ಇಲ್ಲ.

ಇಲ್ಲಿ ಅಮೆರಿಕದ ಬೇಸ್‌ಬಾಲ್ ಪಿಚರ್ ಜಿಮ್ ಅಬಟ್ ಅವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಹುಟ್ಟಿನಿಂದಲೇ ಅವರಿಗೆ ಬಲಗೈಯ ಹಸ್ತ ಇಲ್ಲ. ಗ್ಲೌಸನ್ನು ಬಲಗೈಯ ತುದಿಯಲ್ಲಿ ಇಟ್ಟುಕೊಂಡು ಎಡಗೈಯಲ್ಲಿ ಪಿಚ್ ಮಾಡುತ್ತಿದ್ದರು. ಚೆಂಡು ಕೈ ಬಿಟ್ಟ ಮರುಕ್ಷಣವೇ ಅದೇ ಎಡಗೈಯನ್ನು ಗ್ಲೌಸಿನೊಳಗೆ ತೂರಿಸಿ ಫೀಲ್ಡಿಂಗ್‌ಗೆ ಸಿದ್ಧರಾಗುತ್ತಿದ್ದರು. ಚೆಂಡು ಹಿಡಿದ ಮೇಲೆ ಗ್ಲೌಸನ್ನು ಕಂಕುಳಿಗೆ ಸಿಕ್ಕಿಸಿ, ಚೆಂಡು ಹೊರತೆಗೆದು, ಮತ್ತೆ ಎಡಗೈಯಲ್ಲೇ ಎಸೆಯುತ್ತಿದ್ದರು. 1993ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಪರ ಆಡುವಾಗ, ಎದುರಾಳಿಗೆ ಒಂದೂ ಹಿಟ್ (ಬ್ಯಾಟರ್ ಚೆಂಡು ಹೊಡೆದು ಬೇಸ್ ತಲುಪುವುದು) ಕೊಡದೆ ಪೂರ್ತಿ ಪಂದ್ಯ ಮುಗಿಸಿದರು. ನಿಮ್ಮ ಮಕ್ಕಳಿಗೆ ಅವರ ವಿಡಿಯೊ ತೋರಿಸಿ. ಗ್ಲೌಸ್ ಕೈಗೆ ಸರಿಯಾಗಿ ಕೂತರೆ ಏನೇನು ಸಾಧ್ಯ ಅಂತ ಅದನ್ನು ನೋಡಿದರೆ ಗೊತ್ತಾಗುತ್ತದೆ.

ಇನ್ನು ಆ ನಂಬರುಗಳು. 11.5, 12 ಅಂತ ಬರೆದಿರುವುದು ಗ್ಲೌಸಿನ ಉದ್ದ, ಇಂಚಿನಲ್ಲಿ. ತೋರುಬೆರಳಿನ ತುದಿಯಿಂದ ಒಳಮೈ ಮೇಲೆ ಟೇಪ್ ಹಿಡಿದು, ಚೆಂಡು ಕೂರುವ ಪಾಕೆಟ್‌ನ ಮೂಲಕ ಕೆಳಗಿನ ಹೀಲ್ (ಮಣಿಕಟ್ಟಿನ ಕಡೆಯ ಅಂಚು) ತನಕ ಅಳೆಯುತ್ತಾರೆ. ಕೈ ಎಷ್ಟು ದೊಡ್ಡದು ಎನ್ನುವುದಕ್ಕೂ ಈ ನಂಬರಿಗೂ ನೇರ ಸಂಬಂಧ ಇಲ್ಲ, ಇದನ್ನು ಚೆನ್ನಾಗಿ ಗಮನಿಸಿ. ದೊಡ್ಡವರ 11.5 ಇಂಚಿನ ಗ್ಲೌಸ್ ಇದೆ, ಮಕ್ಕಳ 11.5 ಇಂಚಿನದೂ ಇದೆ. ಹೊರಗಿನ ಅಳತೆ ಒಂದೇ. ಆದರೆ 'ಯೂತ್' ಎಂದು ಬರೆದಿರುವುದರಲ್ಲಿ ಬೆರಳುಗೂಡು ಸಣ್ಣದು, ಮಣಿಕಟ್ಟಿನ ಬಾಯಿ ಕಿರಿದು, ಚರ್ಮವೂ ಮೆತ್ತಗೆ. ಹದಿಮೂರರ ಹುಡುಗರಲ್ಲಿ ಕೆಲವರ ಕೈ ಅಪ್ಪನ ಕೈಗೆ ಸಮ ಇರುತ್ತದೆ, ಕೆಲವರದು ಇನ್ನೂ ಮಕ್ಕಳ ಕೈ. ನಿಮ್ಮ ಮಗನ ಕೈ ಸಣ್ಣದಿದ್ದರೆ ಯೂತ್ ಮಾದರಿಯನ್ನೇ ತರಿಸಿ. ಅದನ್ನು ಅವಮಾನ ಅಂದುಕೊಳ್ಳಬಾರದು ಅಂತ ಅವನಿಗೂ ಹೇಳಿ.

ಸಾಫ್ಟ್‌ಬಾಲ್ ಗ್ಲೌಸ್ ಬೇರೆಯೇ ಏಕೆ? ಚೆಂಡು ನೋಡಿದರೆ ಗೊತ್ತಾಗುತ್ತದೆ. ಬೇಸ್‌ಬಾಲ್‌ನ ಸುತ್ತಳತೆ 9ರಿಂದ 9.25 ಇಂಚು, ಹೆಚ್ಚುಕಡಿಮೆ ನಮ್ಮ ಕ್ರಿಕೆಟ್ ಚೆಂಡಿನಷ್ಟೇ. ತೂಕ 142ರಿಂದ 149 ಗ್ರಾಂ, ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಕಡಿಮೆಯೇ. ಸಾಫ್ಟ್‌ಬಾಲ್‌ನ ಸುತ್ತಳತೆ 12 ಇಂಚು, ತೂಕ 178ರಿಂದ 198 ಗ್ರಾಂ. ಹೆಸರಿನಲ್ಲಿ ಸಾಫ್ಟ್ ಇದ್ದರೂ ಬಡಿದರೆ ಚೆನ್ನಾಗಿಯೇ ನೋಯುತ್ತದೆ. ಅಷ್ಟು ದೊಡ್ಡ ಚೆಂಡು ಕೂರಲು ಪಾಕೆಟ್ ಆಳ ಇರಬೇಕು. ಬೇಸ್‌ಬಾಲ್‌ನಲ್ಲಿ ಬೇಸ್‌ಗಳ ಹತ್ತಿರ ನಿಲ್ಲುವ ಇನ್‌ಫೀಲ್ಡರ್‌ಗಳ ಗ್ಲೌಸ್‌ನಲ್ಲಿ ಪಾಕೆಟ್ ಆಳ ಕಡಿಮೆ, ಅದರಲ್ಲಿ ಸಾಫ್ಟ್‌ಬಾಲ್ ಅರ್ಧಕ್ಕೇ ಕೂತು ಜಾರುತ್ತದೆ. 'ಫಾಸ್ಟ್‌ಪಿಚ್' (ವೇಗವಾಗಿ ಪಿಚ್ ಮಾಡುವ ಸಾಫ್ಟ್‌ಬಾಲ್) ಎಂದು ಬರೆದಿರುವ ಗ್ಲೌಸ್‌ಗಳು ಹುಡುಗಿಯರ ಕೈಗೆ ಹೊಂದುವಂತೆ ಕಿರಿದಾದ ಬಾಯಿ, ಆಳವಾದ ಪಾಕೆಟ್ ಇಟ್ಟು ಮಾಡಿದವು. ಮಣಿಕಟ್ಟಿನಲ್ಲಿ ವೆಲ್‌ಕ್ರೋ ಪಟ್ಟಿ ಇರುವುದನ್ನು ಆರಿಸಿ. ಮಗಳು ಬೆಳೆದಂತೆ ಅದನ್ನು ಸಡಿಲ ಮಾಡಬಹುದು. ನಿಮ್ಮ ಯಜಮಾನರ ಆಸೆಗೆ ಅಷ್ಟು ಮಟ್ಟಿಗೆ ಇದರಲ್ಲಿ ಜಾಗ ಇದೆ.

ವೆಬ್ ಅಂದರೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹೆಣೆದ ಚರ್ಮದ ಬಲೆ. ಗ್ಲೌಸಿನ ಜೀವ ಅಲ್ಲಿದೆ. ಮೊದಲು ಇದು ಇರಲೇ ಇಲ್ಲ. 19ನೇ ಶತಮಾನದ ಕೊನೆಯಲ್ಲಿ ಆಟಗಾರರು ಹಾಕಿಕೊಳ್ಳುತ್ತಿದ್ದುದು ಕೈ ನೋಯದ ಹಾಗೆ ದಪ್ಪಗೆ ಮಾಡಿದ ಕೈಗವಸನ್ನು, ಚೆಂಡು ಹಿಡಿಯುತ್ತಿದ್ದುದು ಅಂಗೈಯಲ್ಲೇ. 1920ರ ಸುಮಾರಿಗೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಪಿಚರ್ ಬಿಲ್ ಡೋಕ್, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ದಾರ ಹೆಣೆದು ಪಾಕೆಟ್ ಮಾಡಿದ ಗ್ಲೌಸನ್ನು ರಾಲಿಂಗ್ಸ್ ಕಂಪನಿಯಿಂದ ತಯಾರಿಸಿದರು. ಅಲ್ಲಿಂದ ಮುಂದೆ ಚೆಂಡು ಹಿಡಿಯುವ ಜಾಗವೇ ಬದಲಾಯಿತು, ಅಂಗೈ ಬಿಟ್ಟು ಬೆರಳುಗಳ ನಡುವಿನ ಪಾಕೆಟ್‌ಗೆ ಬಂತು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಸುಲಭಕ್ಕೆ ಒಗ್ಗುವುದಿಲ್ಲ. ಕ್ರಿಕೆಟ್ ನಿಯಮಗಳನ್ನು ರೂಪಿಸುವ ಎಂಸಿಸಿಯ 27ನೇ ನಿಯಮದ ಪ್ರಕಾರ ಫೀಲ್ಡಿಂಗ್ ತಂಡದಲ್ಲಿ ಗ್ಲೌಸ್ ಹಾಕಿಕೊಳ್ಳಬಹುದಾದವರು ವಿಕೆಟ್ ಕೀಪರ್ ಒಬ್ಬರೇ. ಅವರ ಗ್ಲೌಸ್‌ನಲ್ಲೂ ಬೆರಳುಗಳ ನಡುವೆ ಬಲೆ ಇರಕೂಡದು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಆಧಾರಕ್ಕೆಂದು ಚಪ್ಪಟೆಯಾದ ಒಂದೇ ತುಂಡು ಇರಬಹುದು, ಅಷ್ಟೇ. ಅಂದರೆ ಕ್ರಿಕೆಟ್ ಯಾವುದನ್ನು ಬೇಡ ಎಂದಿದೆಯೋ ಬೇಸ್‌ಬಾಲ್ ಗ್ಲೌಸ್ ನಿಂತಿರುವುದೇ ಅದರ ಮೇಲೆ. ಹಳೆಯ ಕೀಪಿಂಗ್ ಗ್ಲೌಸ್‌ನಲ್ಲಿ ಬೇಸ್‌ಬಾಲ್ ಅಭ್ಯಾಸ ಮಾಡಬಹುದಾ ಎಂದು ತುಂಬ ಜನ ಕೇಳುತ್ತಾರೆ, ಅದಕ್ಕೆ ಉತ್ತರವೂ ಇಲ್ಲೇ ಇದೆ. ಬೇಡ. ಅಂಗೈಯಲ್ಲಿ ಹಿಡಿಯುವ ರೂಢಿ ಗಟ್ಟಿಯಾಗುತ್ತದೆ, ಎಸೆಯುವ ಕೈಯೂ ಗ್ಲೌಸಿನೊಳಗೆ ಸಿಕ್ಕಿಹಾಕಿಕೊಂಡಿರುತ್ತದೆ. ಆದರೆ ಸೈಯದ್ ಕಿರ್ಮಾನಿಯಂಥ ಕೀಪರನ್ನು ಕಂಡ ಊರು ನಮ್ಮದು. ಚೆಂಡಿನ ದಾರಿಗೆ ಮೊದಲೇ ಹೋಗಿ ನಿಲ್ಲುವುದು, ಚೆಂಡಿನ ಜೊತೆ ಕೈ ಹಿಂದಕ್ಕೆ ತರುವುದು, ಇವೆಲ್ಲ ಗಲ್ಲಿ ಕ್ರಿಕೆಟ್ ಆಡಿದ ಮಕ್ಕಳಿಗೆ ಆಗಲೇ ಬಂದಿರುತ್ತವೆ. ಅವು ಬೇಸ್‌ಬಾಲ್‌ನಲ್ಲೂ ದೊಡ್ಡ ಆಸ್ತಿ.

ವೆಬ್‌ನ ವಿಧಗಳಿಗೆ ಬಂದರೆ, ಐ ವೆಬ್ ಎಂದರೆ ಇಂಗ್ಲಿಷ್ ಐ ಅಕ್ಷರದ ಹಾಗೆ ನಡುವೆ ಒಂದು ಕಂಬ, ಆಚೀಚೆ ತೆರವು. ಹಗುರ. ಮಣ್ಣು ಕೆಳಗೆ ಉದುರಿ ಹೋಗುತ್ತದೆ, ಚೆಂಡು ಬೇಗ ಕೈಗೆ ಸಿಗುತ್ತದೆ. ಸೆಕೆಂಡ್ ಬೇಸ್, ಶಾರ್ಟ್‌ಸ್ಟಾಪ್‌ನವರಿಗೆ ಇಷ್ಟ. ಎಚ್ ವೆಬ್‌ನಲ್ಲಿ ಎರಡು ಕಂಬ, ಜಾಸ್ತಿ ಗಟ್ಟಿ. ಥರ್ಡ್ ಬೇಸ್‌ನವರೂ ಔಟ್‌ಫೀಲ್ಡರ್‌ಗಳೂ ಬಳಸುತ್ತಾರೆ. ಎತ್ತರಕ್ಕೆ ಹೋದ ಚೆಂಡು ಹಿಡಿಯುವಾಗ ಬಿಸಿಲಿಗೆ ಗ್ಲೌಸ್ ಅಡ್ಡ ಹಿಡಿದು, ವೆಬ್‌ನ ಸಂದಿಯಲ್ಲೇ ಚೆಂಡು ನೋಡುತ್ತಾರೆ. ಟ್ರಪೀಜ್ ವೆಬ್ ಕೂಡ ಔಟ್‌ಫೀಲ್ಡ್‌ನವರದು, ಪಾಕೆಟ್ ಇನ್ನೂ ಆಳ. ಪೂರ್ತಿ ಮುಚ್ಚಿದ ವೆಬ್ ಪಿಚರ್‌ಗಳಿಗೆ, ಚೆಂಡಿನ ಮೇಲೆ ಬೆರಳು ಹೇಗಿಟ್ಟಿದ್ದಾರೆ ಅಂತ ಬ್ಯಾಟರ್‌ಗೆ ಕಾಣದಿರಲಿ ಎಂದು. ಮಗ ಪಿಚಿಂಗ್ ಮಾಡುವವನಾದರೆ ಬಿಳಿ ಅಥವಾ ಬೂದು ಬಣ್ಣದ ಗ್ಲೌಸ್ ಬೇಡ, ಅಮೆರಿಕದ ಮೇಜರ್ ಲೀಗ್ ನಿಯಮದಲ್ಲಿ ಪಿಚರ್‌ಗೆ ಆ ಬಣ್ಣಗಳು ನಿಷಿದ್ಧ.

ಹದಿಮೂರಕ್ಕೇ ಒಂದು ಜಾಗಕ್ಕೆ ಅಂಟಿಕೊಳ್ಳುವ ಹುಡುಗರು ಕಡಿಮೆ. ಒಂದು ಭಾನುವಾರ ಸೆಕೆಂಡ್ ಬೇಸ್, ಮುಂದಿನ ಭಾನುವಾರ ಲೆಫ್ಟ್ ಫೀಲ್ಡ್. ಅದಕ್ಕೇ 11.75 ಎಂದೆ. ಬರೀ ಇನ್‌ಫೀಲ್ಡ್ ಆದರೆ 11.25ರಿಂದ 11.5, ಬರೀ ಔಟ್‌ಫೀಲ್ಡ್ ಆದರೆ 12ರಿಂದ 12.5 ಹೇಳುತ್ತಿದ್ದೆ. ಎಚ್ ವೆಬ್ ಇದ್ದರೆ ಎರಡೂ ಕಡೆ ನಡೆಯುತ್ತದೆ. ಮೇಜರ್ ಲೀಗ್‌ನಲ್ಲೇ ಫೀಲ್ಡರ್ ಗ್ಲೌಸ್ 13 ಇಂಚು ಮೀರುವಂತಿಲ್ಲ. ಮಕ್ಕಳಿಗೆ 12.75 ತರಿಸುವವರು ಇದನ್ನು ನೆನಪಿಡಬೇಕು. ಬ್ಯಾಟರ್ ಹಿಂದೆ ಕೂರುವ ಕ್ಯಾಚರ್‌ನ ಮಿಟ್, ಫಸ್ಟ್ ಬೇಸ್ ಮಿಟ್ ಎರಡೂ ಬೇರೆ ಬಗೆಯವು, ಬೆರಳುಗಳು ಬಿಡಿಬಿಡಿಯಾಗಿ ಇರುವುದಿಲ್ಲ. ಅವನ್ನು ಈಗ ಕೊಳ್ಳುವ ಅಗತ್ಯ ಇಲ್ಲ, ತಂಡದ ಕಿಟ್‌ನಲ್ಲಿರುವುದು ಸಾಕು.

ಚರ್ಮದ ಬಗ್ಗೆ ಬಿಚ್ಚಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಇದು ಬರೀ ಗುಣಮಟ್ಟದ ಪ್ರಶ್ನೆ ಅಲ್ಲ. ಒಳ್ಳೆಯ ಗ್ಲೌಸ್‌ಗಳಲ್ಲಿ ಹೆಚ್ಚಿನವು ದನದ ಚರ್ಮದವು. ಸ್ಟೀರ್‌ಹೈಡ್ ದಪ್ಪ, ಭಾರ, ವರ್ಷಗಟ್ಟಲೆ ಬಾಳುತ್ತದೆ, ಪಳಗಲು ತುಂಬ ಸಮಯ ಬೇಕು. ಕಿಪ್ ಎನ್ನುವುದು ಎಳೆಯ ದನದ ಚರ್ಮ, ಹಗುರ, ನಯ, ಬೆಲೆ ಜಾಸ್ತಿ. ಅಗ್ಗದ ಗ್ಲೌಸ್‌ಗಳಲ್ಲಿ ಹಂದಿ ಚರ್ಮವೂ ಇರುತ್ತದೆ. ಕೆಲವು ಮನೆಗಳಲ್ಲಿ ಒಂದು ಬೇಡ, ಕೆಲವು ಮನೆಗಳಲ್ಲಿ ಇನ್ನೊಂದು ಬೇಡ. ಲೇಬಲ್ ಓದಿ, ಬರೆದಿಲ್ಲದಿದ್ದರೆ ಕೇಳಿ. ಮಗು ಆಸೆಪಟ್ಟು ತಂದ ಗ್ಲೌಸನ್ನು ಮನೆಯೊಳಗೆ ತರಬೇಡ ಎಂದು ಅಜ್ಜಿ ಹೇಳುವ ಪರಿಸ್ಥಿತಿ ಬರಬಾರದು. ಮನೆಯಲ್ಲಿ ಎಲ್ಲರೂ ಕೂತು ಮೊದಲೇ ಮಾತಾಡಿಕೊಳ್ಳಿ. ಸಿಂಥೆಟಿಕ್ ಗ್ಲೌಸ್ ಹತ್ತು ವರ್ಷದ ಮಗುವಿಗೆ ಏನೂ ಕಡಿಮೆ ಅಲ್ಲ. ಹಗುರ ಇರುತ್ತದೆ, ಮೊದಲ ದಿನದಿಂದಲೇ ಮುಚ್ಚುತ್ತದೆ. ಬೇಗ ಆಕಾರ ಕಳೆದುಕೊಳ್ಳುತ್ತದೆ ನಿಜ. ಅಷ್ಟರಲ್ಲಿ ಅವಳ ಕೈಯೂ ಬೆಳೆದಿರುತ್ತದೆ. ಮಗ ವಾರ ವಾರ ಗಟ್ಟಿ ಚೆಂಡಿನಲ್ಲಿ ಆಡುತ್ತಾನೆ, ಅವನಿಗೆ ಕಡೇ ಪಕ್ಷ ಅಂಗೈ ಮತ್ತು ಪಾಕೆಟ್ ಭಾಗವಾದರೂ ಚರ್ಮದ್ದಿದ್ದರೆ ಒಳ್ಳೆಯದು. ಬೆನ್ನಿನ ಭಾಗ ಸಿಂಥೆಟಿಕ್ ಇದ್ದರೂ ನಡೆಯುತ್ತದೆ.

ಅಂಗಡಿಗೆ ಹೋಗುವ ಮುಂಚೆ, ತಮ್ಮನಿಗೆ ಫೋನ್ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಮುಂದಿನ ಅಭ್ಯಾಸದ ದಿನ ಸ್ವಲ್ಪ ಬೇಗ ಹೋಗಿ ಕೋಚ್‌ನ ಕಿಟ್ ಚೀಲ ಬಿಚ್ಚಿಸಿ. ಬೇರೆ ಬೇರೆ ಅಳತೆಯ ಗ್ಲೌಸ್‌ಗಳನ್ನು ಇಬ್ಬರ ಕೈಗೂ ಹಾಕಿಸಿ ನೋಡಿ. ಗ್ಲೌಸಿನ ಅಂಗೈಯಲ್ಲೋ ಹೆಬ್ಬೆರಳಿನ ಮೇಲೋ ಕಿರುಬೆರಳಿನ ಮೇಲೋ ಅಳತೆ, ಮಾದರಿಯ ನಂಬರ್ ಒತ್ತಿರುತ್ತಾರೆ, ಫೋಟೊ ತೆಗೆದುಕೊಳ್ಳಿ. ಕೈ ಕೆಳಗೆ ಇಳಿಬಿಟ್ಟಾಗ ಗ್ಲೌಸ್ ಜಾರಿ ಬೀಳಬಾರದು. ಮುಚ್ಚಲು ಹೇಳಿದಾಗ ಎರಡು ಅಂಚುಗಳು ಸೇರಬೇಕು. ಹತ್ತು ಅಡಿ ದೂರ ನಿಂತು ಮೆಲ್ಲಗೆ ಚೆಂಡು ಹಾಕಿ. ಹಿಡಿದ ಮೇಲೆ ಕೈ ಉಲ್ಟಾ ಮಾಡಿದರೂ ಚೆಂಡು ಒಳಗೇ ಇದ್ದರೆ ಅದೇ ಅವರ ಅಳತೆ. ಬಳಸಿ ಪಳಗಿದ ಗ್ಲೌಸ್‌ನಲ್ಲೇ ಈ ಪರೀಕ್ಷೆ ಮಾಡಬೇಕು. ಹೊಸ ಚರ್ಮ ಬಿಗಿಯಾಗಿರುವುದರಿಂದ ಅಂಗಡಿಯಲ್ಲಿ ಇದು ಸರಿಯಾಗಿ ತಿಳಿಯುವುದಿಲ್ಲ.

ಆಮೇಲೆ ತಮ್ಮನಿಗೆ "ಒಳ್ಳೇದೊಂದು ಗ್ಲೌಸ್ ತಗೊಂಡ್ಬಾ" ಅಂತ ಮಾತ್ರ ಹೇಳಬೇಡಿ. ಹಾಗೆ ಹೇಳಿದರೆ ಅವನು ಅಕ್ಕನ ಮಕ್ಕಳ ಮೇಲಿನ ಪ್ರೀತಿಗೆ ಅಂಗಡಿಯಲ್ಲಿದ್ದ ಅತಿ ದುಬಾರಿಯದನ್ನೇ ತಂದುಬಿಡುತ್ತಾನೆ. ವಿಲ್ಸನ್ ಎ2000 ಥರದ ದೊಡ್ಡ ಹೆಸರಿನ ಗ್ಲೌಸ್ ಅದ್ಭುತವಾದದ್ದೇ, 1957ರಿಂದ ಬರುತ್ತಿರುವ ಮಾದರಿ ಅದು. ಆದರೆ ಅಂಥ ಬಿಗಿ ಚರ್ಮ ಪಳಗಿಸುವಷ್ಟು ಆಟ ನಮ್ಮ ಭಾನುವಾರದ ಕೋಚಿಂಗ್‌ನಲ್ಲಿ ಸಿಗುವುದಿಲ್ಲ. ವಾಟ್ಸಾಪ್‌ನಲ್ಲಿ ಬರೆದು ಕಳಿಸಿ: ಬೇಸ್‌ಬಾಲೋ ಫಾಸ್ಟ್‌ಪಿಚ್ಚೋ, ಯಾವ ಕೈಯಲ್ಲಿ ಎಸೆಯುವವರಿಗೆ, ಎಷ್ಟು ಇಂಚು, ಯೂತ್ ಹೌದೋ ಅಲ್ಲವೋ, ಯಾವ ವೆಬ್, ಯಾವ ಚರ್ಮ ಬೇಡ. ಅಲ್ಲಿ ಬಳಸಿದ ಕ್ರೀಡಾ ಸಾಮಾನು ಮಾರುವ ಅಂಗಡಿಗಳೂ ಇವೆ. ಮಧ್ಯಮ ದರ್ಜೆಯ, ಬೇರೆ ಮಗು ಒಂದೆರಡು ಸೀಸನ್ ಆಡಿ ಪಳಗಿಸಿದ ಗ್ಲೌಸ್ ಸಿಕ್ಕರೆ ನಾನಂತೂ ಹೊಸದಕ್ಕಿಂತ ಅದನ್ನೇ ಇಷ್ಟಪಡುತ್ತೇನೆ. ಲೇಸ್ ಹರಿದಿರಬಾರದು, ಪಾಕೆಟ್ ಒಣಗಿ ಬಿರಿದಿರಬಾರದು. ಜಪಾನಿನಿಂದ ಯಾರಾದರೂ ತರುವುದಾದರೆ ಒಂದು ಎಚ್ಚರಿಕೆ: ಅಲ್ಲಿ ರಬ್ಬರ್ ಚೆಂಡಿನ ಬೇಸ್‌ಬಾಲ್‌ಗೆ ನನ್‌ಶಿಕಿ ಎನ್ನುವ ಹಗುರ ಗ್ಲೌಸ್ ಬೇರೆ ಇರುತ್ತದೆ. ಗಟ್ಟಿ ಚೆಂಡಿಗೆ ಅದು ತಡೆಯುವುದಿಲ್ಲ.

ಗ್ಲೌಸ್ ಮನೆಗೆ ಬಂದ ಮೇಲೆ ಅದನ್ನು ಪಳಗಿಸುವ ಕೆಲಸ. ಇದಕ್ಕೆ ಕ್ಯಾಚ್ ಆಡುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಣ್ಣ ತಂಗಿ ಇಬ್ಬರೂ ಇದ್ದಾರೆ, ಸಂಜೆ ಅರ್ಧ ಗಂಟೆ ಎದುರುಬದುರು ನಿಂತು ಎಸೆದಾಡಿಕೊಂಡರೆ ಸಾಕು, ಒಬ್ಬರ ಚೆಂಡು ಇನ್ನೊಬ್ಬರದಕ್ಕಿಂತ ದೊಡ್ಡದಾದ್ದರಿಂದ ಟೆನಿಸ್ ಚೆಂಡಿನಲ್ಲಿ ಶುರು ಮಾಡಲಿ. ಸೊಂಟಕ್ಕಿಂತ ಮೇಲೆ ಬಂದ ಚೆಂಡಿಗೆ ಗ್ಲೌಸಿನ ಬೆರಳು ಮೇಲಕ್ಕೆ, ಕೆಳಗೆ ಬಂದದ್ದಕ್ಕೆ ಬೆರಳು ಕೆಳಕ್ಕೆ. ಇನ್ನೊಂದು ಕೈ ಗ್ಲೌಸಿನ ಪಕ್ಕದಲ್ಲೇ ಇರಬೇಕು, ಚೆಂಡು ಬಿದ್ದ ಕೂಡಲೇ ತೆಗೆಯಲು. ತೋರುಬೆರಳಿನ ಬುಡದಲ್ಲಿ ಉರಿ ಬಂದರೆ ಚೆಂಡು ಅಂಗೈಗೆ ಬೀಳುತ್ತಿದೆ ಅಂತ ಅರ್ಥ, ಪಾಕೆಟ್‌ನಲ್ಲಿ ಹಿಡಿಯಲು ತಿದ್ದಿ. ರಾತ್ರಿ ಪಾಕೆಟ್‌ನಲ್ಲಿ ಒಂದು ಚೆಂಡಿಟ್ಟು, ಗ್ಲೌಸ್ ಮುಚ್ಚಿ, ಅಗಲವಾದ ಪಟ್ಟಿಯಿಂದ ಸಡಿಲವಾಗಿ ಕಟ್ಟಿಡಿ.

ಎಣ್ಣೆ ವಿಷಯದಲ್ಲಿ ದಯವಿಟ್ಟು ಕೈ ಹಿಡಿತ ಇರಲಿ. ಗ್ಲೌಸ್‌ಗೆಂದೇ ಬರುವ ಕಂಡೀಷನರ್ ಕಡಲೆಬೀಜದಷ್ಟು ತೆಗೆದುಕೊಂಡು ಬಟ್ಟೆಯಲ್ಲಿ ತೆಳ್ಳಗೆ ಸವರಿದರೆ ಸಾಕು. ಅಡುಗೆಮನೆಯ ತೆಂಗಿನೆಣ್ಣೆ ಬೇಡ. ಅದು ಒಳಗೆ ಇಳಿದು ಚರ್ಮ ಭಾರವಾಗಿ ಜೋತು ಬೀಳುತ್ತದೆ, ನಮ್ಮ ಮೈದಾನಗಳ ಕೆಂಪು ಧೂಳೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ಮನೆಯಲ್ಲಿ ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಅಗಸೆ ಎಣ್ಣೆ ಇದ್ದರೆ ಅದನ್ನಂತೂ ಮುಟ್ಟಬೇಡಿ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯದು. ಮರಕ್ಕೆ ಅದು ಒಳ್ಳೆಯದು, ಮೆತ್ತಗೆ ಬಗ್ಗಬೇಕಾದ ಚರ್ಮಕ್ಕೆ ಕೆಟ್ಟದ್ದು. ಮೈಕ್ರೋವೇವ್‌ನಲ್ಲಿಟ್ಟು ಮೆತ್ತಗೆ ಮಾಡುವ ವಿಡಿಯೊಗಳು ಓಡಾಡುತ್ತವೆ. ಮಕ್ಕಳು ನೋಡಿರುತ್ತಾರೆ, ನೀವು ಹೊರಗೆ ಹೋದಾಗ ಪ್ರಯತ್ನವನ್ನೂ ಮಾಡುತ್ತಾರೆ. ಹಾಗೆ ಮಾಡಿದರೆ ಚರ್ಮ ಸುಟ್ಟು ಬಿರಿಯುತ್ತದೆ, ಲೋಹದ ಗುಂಡಿ ಇದ್ದರೆ ಕಿಡಿಯೂ ಹಾರುತ್ತದೆ ಎಂದು ಮೊದಲೇ ಹೇಳಿಡಿ.

ದಸರಾ ಹೊತ್ತಿಗೆ ಬೆಂಗಳೂರಿನ ಮಳೆ ಪೂರ್ತಿ ನಿಂತಿರುವುದಿಲ್ಲ. ನೆನೆದರೆ ಒಣಬಟ್ಟೆಯಲ್ಲಿ ಒತ್ತಿ ಒರೆಸಿ, ಹಳೆಯ ನ್ಯೂಸ್‌ಪೇಪರ್ ತುರುಕಿ, ಫ್ಯಾನ್ ಕೆಳಗೆ ನೆರಳಲ್ಲಿ ಒಣಗಿಸಿ. ತಾರಸಿ ಬಿಸಿಲು, ಹೇರ್ ಡ್ರೈಯರ್, ಸ್ಕೂಟರ್ ಡಿಕ್ಕಿ ಮೂರೂ ಬೇಡ. ಒದ್ದೆ ಇರುವಾಗಲೇ ಬೀರುವಿನಲ್ಲಿಟ್ಟರೆ ವಾರದಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಹಿಡಿದರೆ ಮನೆಯ ಹೊರಗೆ ನಿಂತು ಒಣಬಟ್ಟೆಯಲ್ಲಿ ಒರೆಸಿ, ಗಾಳಿಗೆ ಇಡಿ. ಶೂ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಗ್ಲೌಸ್ ಚೀಲಕ್ಕೆ ಹಾಕಿಡಿ. ಸ್ಕೂಲ್ ಬ್ಯಾಗಿನಲ್ಲಿ ಪುಸ್ತಕದ ಅಡಿ ಚಪ್ಪಟೆಯಾಗದಂತೆ, ಯಾವಾಗಲೂ ಒಂದು ಚೆಂಡು ಒಳಗಿರಲಿ.

ಲೇಸ್ ಸಡಿಲವಾಗುವುದು, ಹರಿಯುವುದು ಸಹಜ. ಅದಕ್ಕಾಗಿ ಗ್ಲೌಸ್ ಎಸೆಯಬೇಡಿ. ತಮ್ಮನಿಗೆ ಒಂದೆರಡು ಜೊತೆ ಚರ್ಮದ ಲೇಸ್ ಕೂಡ ತರಲು ಹೇಳಿ. ಹೊಸ ಗ್ಲೌಸಿನ ಎರಡೂ ಕಡೆ, ವೆಬ್, ಹೀಲ್ ಎಲ್ಲದರ ಫೋಟೊ ಮೊದಲ ದಿನವೇ ತೆಗೆದಿಡಿ. ಲೇಸ್ ಹರಿದ ದಿನ ಆ ಫೋಟೊ ತೋರಿಸಿದರೆ ಚಪ್ಪಲಿ, ಬ್ಯಾಗ್ ರಿಪೇರಿ ಮಾಡುವವರು ಯಾವ ತೂತಿನಿಂದ ಯಾವ ತೂತಿಗೆ ಹೋಗಬೇಕು ಅಂತ ನೋಡಿಕೊಂಡು ಹಾಕಿಕೊಡುತ್ತಾರೆ. ಲೇಸ್ ಬದಲು ನೈಲಾನ್ ದಾರ ಹಾಕಲು ಬಿಡಬೇಡಿ, ಅದು ತೂತುಗಳನ್ನು ಕೊಯ್ದು ದೊಡ್ಡದು ಮಾಡುತ್ತದೆ.

ಇನ್ನೆರಡು ವರ್ಷಕ್ಕೆ ಮಗಳ ಕೈಗೆ ಈ ಗ್ಲೌಸ್ ಬಿಗಿಯಾಗುತ್ತದೆ. ಆಗ ಅಟ್ಟದ ಮೇಲೆ ಹಾಕದೆ ಶಾಲೆಯ ಕಿಟ್‌ಗೆ ಕೊಡಿ. ಅದು ಬಲಗೈಗೆ ತೊಡುವ ಗ್ಲೌಸ್ ಆಗಿದ್ದರಂತೂ ಖಂಡಿತ ಕೊಡಿ, ಎಡಗೈಯಲ್ಲಿ ಎಸೆಯುವ ಇನ್ನೊಂದು ಮಗು ಆ ಶಾಲೆಯಲ್ಲಿ ಇದ್ದೇ ಇರುತ್ತದೆ.